ಮಲೆನಾಡಿನ ಡೇರೆ ಟಾಕೀಸು

ಬಯಲುಸೀಮೆಯ ವಾಚಕರಿಗೆ ಊರೆಂದರೆ ಬೀದಿ. ಬೀದಿಯೆಂದರೆ ಎರಡು ಕಡೆಯೂ ಮನೆಗಳ ಸಾಲು. ಮಲೆನಾಡಿನಲ್ಲಿ ಹಾಗಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಕೆ ತೋಟದ ಅಂಚಿನಲ್ಲಿ ಒಂದು ಮನೆ, ಗುಡ್ಡ ಹತ್ತಿಳಿದರೆ ಇನ್ನೊಂದು, ಹಳ್ಳ ದಾಟಿದರೆ ಮತ್ತೊಂದು. ಇವೆಲ್ಲವೂ ಸೇರಿ ಒಂದು ಊರು! ಇಲ್ಲಿ ನೆರೆಮನೆಯವರ ಮುಖ ಕಾಣಬೇಕಾದರೂ ಸಂತೆಯೋ ಜಾತ್ರೆಯೋ ಮದುವೆಯೋ ಬಯಲಾಟವೋ ಒದಗಿಬರಬೇಕು. ಕಳೆದ ಶತಮಾನದಲ್ಲಿ ಈ ನಾಲ್ಕರ ಜೊತೆಗೆ ಐದನೆಯದಾಗಿ ಬಂದು ಸೇರಿಕೊಂಡದ್ದು ಸಿನಿಮಾ. ಅದು ಬಂದದ್ದು ಕಟ್ಟಡವಾಗಿ ಅಲ್ಲ, ಡೇರೆಯಾಗಿ. ಆ ಡೇರೆ ಈಗ ಎಲ್ಲಿಯೂ ಇಲ್ಲ. ಅದರ ಜಾಗಕ್ಕೆ ಬಂದ ಗೋಡೆ, ಛಾವಣಿಗಳ ಟಾಕೀಸುಗಳೂ ನಾಡಿನ ಸಣ್ಣ ಪಟ್ಟಣಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿಕೊಂಡಿವೆ. ಇದು ಹೇಗಾಯಿತು ಎಂಬುದನ್ನು ಕೊಂಚ ನಿಧಾನವಾಗಿ ವಿಚಾರಿಸಬೇಕು. ಏಕೆಂದರೆ ‘ಟೆಲಿವಿಷನ್ ಬಂದಿತು, ಸಿನಿಮಾ ಹೋಯಿತು’ ಎಂದು ಎಲ್ಲರೂ ಹೇಳುವ ಮಾತು ಅರ್ಧ ಮಾತ್ರ ನಿಜ.

ಊರೂರು ತಿರುಗುವ ಸಿನಿಮಾ ನಮ್ಮ ದಕ್ಷಿಣ ದೇಶಕ್ಕೆ ಹೊಸತೇನಲ್ಲ. 1905ರಲ್ಲಿಯೇ ತಿರುಚಿನಾಪಳ್ಳಿಯ ರೈಲ್ವೆ ನೌಕರ ಸಾಮಿಕಣ್ಣು ವಿನ್ಸೆಂಟ್ ಎಂಬವರು ಫ್ರೆಂಚ್ ಗೃಹಸ್ಥನೊಬ್ಬನಿಂದ ಯಂತ್ರವನ್ನು ಕೊಂಡು, ನೌಕರಿಯನ್ನು ಬಿಟ್ಟು, ಡೇರೆ ಹೊತ್ತು ಹೊರಟರು. ಕೊಯಮತ್ತೂರಿನಲ್ಲಿ ಅವರು ಸ್ಥಿರವಾದ ಚಿತ್ರಮಂದಿರವನ್ನು ಕಟ್ಟಿಸಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಅಂದರೆ ನಮ್ಮಲ್ಲಿ ಡೇರೆಯೇ ಹಿರಿಯಣ್ಣ, ಕಟ್ಟಡ ತಮ್ಮ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದು ರಾಜಕುಮಾರರು ಮನೆಮಾತಾದರು. ಆದರೆ ನಾಡಿನ ಬಹುಪಾಲು ಹಳ್ಳಿಗರು ಕಣ್ಣಪ್ಪನನ್ನು ಕಂಡದ್ದು ಬೆಂಗಳೂರಿನ ಮೆತ್ತನೆಯ ಕುರ್ಚಿಯಲ್ಲಿ ಕುಳಿತಲ್ಲ, ಡೇರೆಯ ನೆಲದ ಮೇಲೆ ಕುಳಿತು.

ಮಲೆನಾಡಿನಲ್ಲಿ ಡೇರೆ ಏಳಬೇಕಾದರೆ ಮೊದಲು ಮಳೆ ನಿಲ್ಲಬೇಕು. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಸುತ್ತಣ ಸೀಮೆಯ ಮಳೆಗಾಲ ಎಂಥದೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯ ಡೇರೆಯ ಮಾತೇ ಇಲ್ಲ. ಗದ್ದೆ ಕೊಯ್ಲಾಗಿ, ಕೂಳೆ ಒಣಗಿ, ನೆಲ ಗಟ್ಟಿಯಾದ ಮೇಲೆ ಅಂಥದೊಂದು ಗದ್ದೆ ಬಯಲಿನಲ್ಲಿ ಡೇರೆ ಏಳುತ್ತಿದ್ದಿತು. ಅದೇ ತಿಂಗಳುಗಳಲ್ಲಿ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳೂ ಡೇರೆಗಳನ್ನು ಹೊತ್ತು ಘಟ್ಟ ಹತ್ತುತ್ತಿದ್ದವು. ಎರಡಕ್ಕೂ ಬೇಕಾದದ್ದು ಅದೇ ಗದ್ದೆ, ಅದೇ ಜನ, ಅದೇ ಕಂಬಳಿ. ಕನ್ನಡದಲ್ಲಿ ಸಿನಿಮಾ ಪ್ರದರ್ಶನಕ್ಕೆ ‘ಮೊದಲನೆಯ ಆಟ’, ‘ಎರಡನೆಯ ಆಟ’ ಎನ್ನುತ್ತೇವಲ್ಲ, ಮಲೆನಾಡಿನವರ ಕಿವಿಗೆ ಆ ಮಾತಿನ ಸ್ವಾರಸ್ಯವೇ ಬೇರೆ. ಅವರಿಗೆ ಸಿನಿಮಾ ನಿಜವಾಗಿಯೂ ಇನ್ನೊಂದು ಬಗೆಯ ಆಟವೇ ಆಗಿದ್ದಿತು. ಒಂದೇ ಭೇದ: ಮೇಳದ ಆಟ ಬೆಳಗಿನ ಜಾವಕ್ಕೆ ಮುಗಿದು ಜನ ಬೆಳಕಿನಲ್ಲಿ ಮನೆಗೆ ಹೋಗುತ್ತಿದ್ದರು, ಸಿನಿಮಾ ನಡುರಾತ್ರಿಗೆ ಮುಗಿದು, ಕಾಡುದಾರಿಯಲ್ಲಿ ಸೂಡಿ ಹಚ್ಚಿಕೊಂಡು ನಡೆಯಬೇಕಾಗುತ್ತಿದ್ದಿತು.

ಡೇರೆಯಲ್ಲಿ ಹಗಲಾಟವಿಲ್ಲ. ಬಟ್ಟೆಯ ಮೂಲಕ ಬೆಳಕು ಸೋರಿ ತೆರೆ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಹಗಲೆಲ್ಲ ಪ್ರಚಾರ. ಎತ್ತಿನ ಗಾಡಿಗೋ ವ್ಯಾನಿಗೋ ಬಣ್ಣದ ಹಲಗೆಗಳನ್ನು ಕಟ್ಟಿ, ತಮಟೆ ಬಡಿಸುತ್ತ ಕರಪತ್ರ ಹಂಚುವುದು, ಅದರ ಹಿಂದೆ ಮಕ್ಕಳು ಓಡುವುದು. ಸಂಜೆಯಾಗುತ್ತಲೂ ಡೀಸೆಲ್ ಯಂತ್ರದ ಗುಡುಗುಡು ಸದ್ದು. ಕಂಬದ ತುದಿಯ ಧ್ವನಿವರ್ಧಕದಿಂದ ಹಾಡು. ಕನ್ನಡ ನಾಡಿನ ಎಷ್ಟೋ ಡೇರೆಗಳಲ್ಲಿ ಘಂಟಸಾಲರು ಹಾಡಿದ ವೆಂಕಟೇಶನ ಭಕ್ತಿಗೀತೆಯ ತಟ್ಟೆಯನ್ನು ಹಾಕಿದರೆ ಟಿಕೆಟ್ ಕೊಡಲು ಆರಂಭವಾಯಿತೆಂದೇ ಅರ್ಥ. ಒಂಟಿಮನೆಯಲ್ಲಿ ಊಟಕ್ಕೆ ಕುಳಿತವರು ಆ ಹಾಡು ಗುಡ್ಡದಾಚೆಯಿಂದ ತೇಲಿ ಬಂದುದನ್ನು ಕೇಳಿ ಅರ್ಧ ಊಟದಲ್ಲಿ ಕೈ ತೊಳೆದುಕೊಳ್ಳುತ್ತಿದ್ದರೆಂದರೆ ಆಶ್ಚರ್ಯವೇನೂ ಇಲ್ಲ.

ಒಳಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿ. ಹೆಂಗಸರಿಗೆ ಬೇರೆಯೇ ಪಕ್ಕ. ತೋಟದ ಒಡೆಯರು ಕುರ್ಚಿಯಲ್ಲಿ, ಆಳುಗಳು ನೆಲದ ಮೇಲೆ. ಇದನ್ನು ಸಮತೆಯೆಂದು ಕೊಂಡಾಡುವುದಕ್ಕೆ ನಾನು ಸಿದ್ಧನಲ್ಲ. ಆದರೂ ಒಂದು ಮಾತು ನಿಜ: ಅಂದಿನ ಮಲೆನಾಡಿನ ಯಾವ ಮನೆಯ ಜಗಲಿಯ ಮೇಲೂ ಒಟ್ಟಾಗಿ ಕೂಡಲಾರದಿದ್ದವರು ಒಂದೇ ಬಟ್ಟೆಯ ಅಡಿಯಲ್ಲಿ ಕುಳಿತು, ಒಂದೇ ದೃಶ್ಯಕ್ಕೆ ನಕ್ಕು, ಒಂದೇ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ದೇವಸ್ಥಾನದೊಳಗೆ ಎಲ್ಲರಿಗೂ ಪ್ರವೇಶವಿಲ್ಲದ ಕಾಲದಲ್ಲಿಯೂ ಡೇರೆಯೊಳಕ್ಕೆ ಹೋಗಲು ಟಿಕೆಟ್ಟೊಂದೇ ಸಾಕಾಗಿತ್ತು.

ಯಂತ್ರದ ವಿಷಯವನ್ನೂ ಇಷ್ಟು ಹೇಳಬೇಕು. ಮೂವತ್ತೈದು ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಅಡಿಗೆ 16 ಚಿತ್ರಗಳು. ಸೆಕೆಂಡಿಗೆ 24 ಚಿತ್ರಗಳು ದೀಪದ ಮುಂದೆ ಹಾಯಬೇಕು. ಎಂದರೆ ನಿಮಿಷಕ್ಕೆ 90 ಅಡಿ. ಹದಿನಾಲ್ಕು ಸಾವಿರ ಅಡಿಯ ಚಿತ್ರಕ್ಕೆ ಎರಡೂವರೆ ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಹಿಡಿಯಿತು. ಪೇಟೆಯ ಚಿತ್ರಮಂದಿರದಲ್ಲಿ ಎರಡು ಪ್ರೊಜೆಕ್ಟರುಗಳು. ಒಂದರ ರೀಲು ಮುಗಿಯುವಷ್ಟರಲ್ಲಿ ಇನ್ನೊಂದು ಓಡಲಾರಂಭಿಸುತ್ತದೆ. ಡೇರೆಯಲ್ಲಿ ಸಾಮಾನ್ಯವಾಗಿ ಒಂದೇ. ರೀಲು ಮುಗಿದೊಡನೆ ದೀಪ ಹತ್ತಿತು, ಆಪರೇಟರು ಹೊಸ ರೀಲನ್ನು ಏರಿಸುವವರೆಗೆ ಜನ ಕಡಲೆಕಾಯಿ ಬಿಡಿಸುತ್ತ, ಸೋಡಾ ಕುಡಿಯುತ್ತ, ಆ ತನಕದ ಕಥೆಯನ್ನು ವಿಮರ್ಶೆ ಮಾಡಿದರು! ಬೆಳಕಿಗೆ ಬಲ್ಬಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಉರಿಯುವ ವಿದ್ಯುತ್ತಿನ ಕಿಡಿಯೇ ದೀಪ. ಕಡ್ಡಿ ಉರಿದು ಸವೆದಂತೆ ಅದನ್ನು ಕೈಯಿಂದ ಹತ್ತಿರಕ್ಕೆ ತಿರುಗಿಸುತ್ತಿರಬೇಕು. ಆಪರೇಟರು ಕೊಂಚ ತೂಕಡಿಸಿದರೆ ತೆರೆ ಕೆಂಪಗಾಗಿ ಮಂಕಾಗುತ್ತಿತ್ತು. ಕೂಡಲೇ ನೆಲದಿಂದ ಸಿಳ್ಳು.

ಮುಖ್ಯ ಚಿತ್ರಕ್ಕೆ ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರವನ್ನು ತೋರಿಸುವುದು ಕಡ್ಡಾಯ. ಅಣೆಕಟ್ಟು, ಪ್ರವಾಹ, ಪ್ರಧಾನಮಂತ್ರಿಗಳ ಪ್ರವಾಸ ಮೊದಲಾದವುಗಳನ್ನು ಮಲೆನಾಡಿನ ಅಕ್ಷರ ಬಾರದ ಜನ ಕಣ್ಣಾರೆ ಕಂಡದ್ದು ಹಾಗೆ. 1948ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯೂ 2022ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು.

ಡೇರೆಯಿಂದ ಎದ್ದ ನಿರ್ದೇಶಕ

ಈ ನೆಲದ ಡೇರೆಯ ಪ್ರಭಾವ ಎಷ್ಟು ದೂರ ಹೋಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಕೊಪ್ಪಕ್ಕೆ ಹೊಂದಿಕೊಂಡಿರುವ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿ, ಕಮ್ಮರಡಿಯಲ್ಲಿ ಮಾಧ್ಯಮಿಕ ಶಾಲೆ ಓದಿದ ಹುಡುಗನೊಬ್ಬನಿಗೆ ತಂದೆಯಿಂದ ಯಕ್ಷಗಾನದ ರುಚಿ ಹತ್ತಿತು. ಆಗೊಮ್ಮೆ ಈಗೊಮ್ಮೆ ಊರಿಗೆ ಬರುತ್ತಿದ್ದ ಟೂರಿಂಗ್ ಟಾಕೀಸು ಅವನಿಗೆ ಸಿನಿಮಾದ ಮೊದಲ ಪಾಠಶಾಲೆಯಾಯಿತು. ಮಣಿಪಾಲದಲ್ಲಿ ಔಷಧಶಾಸ್ತ್ರವನ್ನು ಓದಿದರೂ ಆ ಹುಚ್ಚು ಬಿಡಲಿಲ್ಲ. ಪುಣೆಯ ಚಲಚ್ಚಿತ್ರ ಸಂಸ್ಥೆಗೆ ಹೋಗಿ ಕಲಿತು ಬಂದು, 1977ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ‘ಘಟಶ್ರಾದ್ಧ’ವನ್ನು ತೆಗೆದು ರಾಷ್ಟ್ರದ ಸ್ವರ್ಣಕಮಲವನ್ನು ಪಡೆದ ಆ ಹುಡುಗ ಗಿರೀಶ ಕಾಸರವಳ್ಳಿಯವರೆಂದು ವಾಚಕರು ಆಗಲೇ ಊಹಿಸಿರಬಹುದು. ಮುಂದೆ ಅದೇ ಗೌರವ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳಿಗೂ ದೊರೆಯಿತು. ಗದ್ದೆಯ ಮೇಲೆ ಎದ್ದ ಬಟ್ಟೆಯ ಚಾವಡಿಯೊಂದು ದೇಶಕ್ಕೆ ಕೊಟ್ಟ ಫಲ ಇದು. ಬೇರೆ ಯಾವ ತೋಟ ಇಷ್ಟು ಕಡಮೆ ಬಂಡವಾಳಕ್ಕೆ ಇಷ್ಟು ಫಸಲನ್ನು ಕೊಟ್ಟಿದೆ?

ಸಿನಿಮಾ ನೋಡಿದ ಸೀಮೆ ಸಿನಿಮಾದಲ್ಲಿ ಕಾಣಿಸಿಕೊಳ್ಳಲು ತಡವಾಗಲಿಲ್ಲ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿಸಿದಾಗ, ಕಥೆಯ ಅಗ್ರಹಾರಕ್ಕೆ ಆರಿಸಿಕೊಂಡದ್ದು ಶೃಂಗೇರಿಯ ಸಮೀಪದ ವೈಕುಂಠಪುರವನ್ನು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡರು, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರು, ಕ್ಯಾಮೆರಾದ ಹಿಂದೆ ಆಸ್ಟ್ರೇಲಿಯದ ಟಾಮ್ ಕೋವನ್. ಸೆನ್ಸಾರಿನವರು ಮೊದಲು ತಡೆಹಾಕಿದ ಆ ಚಿತ್ರ, ಕೊನೆಗೆ ಬಿಡುಗಡೆಯಾಗಿ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಹಿರಿಮೆ ಬಂದದ್ದು ಅದೇ ಮೊದಲು.

ನಿಲ್ಲಬೇಕಾದ ಕಟ್ಟಡ, ಓಡಬೇಕಾದ ಡೇರೆ

ಇನ್ನು ಲೆಕ್ಕಾಚಾರಕ್ಕೆ ಬರೋಣ; ಮುಚ್ಚಿದ ಟಾಕೀಸುಗಳ ಗುಟ್ಟು ಇರುವುದು ಇಲ್ಲಿಯೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಪಟ್ಟಣ ಪಂಚಾಯಿತಿಗಳು. 2001ರ ಜನಗಣತಿಯಲ್ಲಿ ಯಾವುದರ ಜನಸಂಖ್ಯೆಯೂ 10,000 ಮುಟ್ಟಿರಲಿಲ್ಲ. ಒಂದು ಪಟ್ಟಣದಲ್ಲಿ 5,000 ಜನ ಇದ್ದಾರೆ, ಅವರಲ್ಲಿ ನಾಲ್ವರಿಗೊಬ್ಬರು ಒಂದು ಚಿತ್ರವನ್ನು ನೋಡುತ್ತಾರೆ, ಸುತ್ತಲ ಹಳ್ಳಿಗಳಿಂದಲೂ ಅಷ್ಟೇ ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು 2,500. ಡೇರೆಯಲ್ಲಿ 400 ಮಂದಿ ಹಿಡಿಸಿದರೆ, ದಿನಕ್ಕೆ ಎರಡು ಆಟದಂತೆ ಮೂರು ದಿನ ಕಳೆದು ನಾಲ್ಕನೆಯ ದಿನಕ್ಕೆ ಆ ಚಿತ್ರದ ಕಥೆ ಮುಗಿಯಿತು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ‘ಬಂಗಾರದ ಮನುಷ್ಯ’ 1972ರಿಂದ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬ ಖ್ಯಾತಿಯಿದೆ. ಅದೇ ಚಿತ್ರವನ್ನು ಎರಡು ವರ್ಷ ಓಡಿಸಬೇಕೆಂದರೆ ಸಣ್ಣ ಪಟ್ಟಣದವರು ಮಕ್ಕಳುಮರಿ, ದನಕರುಗಳನ್ನೂ ಕರೆತರಬೇಕಾದೀತು!

ಡೇರೆಯವನು ಈ ಸತ್ಯವನ್ನು ಬಲ್ಲ. ಜನ ಕಡಮೆಯಾಗುತ್ತಲೂ ಚಿತ್ರ ಬದಲಾಯಿಸಿದ. ಚಿತ್ರ ಬದಲಾಯಿಸಿದರೂ ಜನ ಬಾರದಿದ್ದರೆ ಗೂಟ ಕಿತ್ತು ಮುಂದಿನ ಊರಿಗೆ ನಡೆದ. ಪ್ರೇಕ್ಷಕರು ಚೆದರಿ ಹೋಗಿರುವ ಸೀಮೆಯಲ್ಲಿ ಪ್ರೇಕ್ಷಕರನ್ನು ಹುಡುಕಿಕೊಂಡು ಹೋಗುವುದೇ ಜಾಣತನ. ಕಟ್ಟಡಕ್ಕೆ ಆ ಭಾಗ್ಯವಿಲ್ಲ. ಅದು ನಿಂತಲ್ಲಿ ನಿಂತು ಜನರಿಗಾಗಿ ಕಾಯಬೇಕು.

ಹಾಗಾದರೆ ಕಟ್ಟಡವನ್ನು ಏಕೆ ಕಟ್ಟಿದರು ಎಂದು ಕೇಳಬಹುದು. ಕಾರಣಗಳು ಸಕಾರಣವಾದವೇ. ಗೋಡೆಯಿದ್ದರೆ ಹಗಲಾಟ ಸಾಧ್ಯ. ಹಗಲಾಟವಿದ್ದರೆ ಹಳ್ಳಿಯ ಹೆಂಗಸರು ಮ್ಯಾಟಿನಿ ನೋಡಿ ಸಂಜೆಯ ಬಸ್ಸಿಗೆ ಮನೆ ಸೇರಬಹುದು. ಛಾವಣಿಯಿದ್ದರೆ ಮಳೆಗಾಲದಲ್ಲಿಯೂ ಆಟ ನಡೆಸಬಹುದು. ತಗಡಿನ ಮೇಲೆ ಮಳೆ ಬಡಿದು ನಾಯಕಿಯ ಮಾತು ಕೇಳದಿದ್ದರೆ ಅದು ಬೇರೆ ಸಂಗತಿ. ಬೆಂಕಿಯ ಭಯ, ಪರವಾನಗಿಯ ಕಟ್ಟಳೆಗಳು ಕೂಡ ಬಟ್ಟೆಗಿಂತ ಗೋಡೆಯನ್ನೇ ಮೆಚ್ಚುತ್ತವೆ. ಇಷ್ಟಾಗಿ ಅಂದಿಗೆ ಕಟ್ಟಡ ನಡೆಯಿತು, ಚೆನ್ನಾಗಿಯೇ ನಡೆಯಿತು. ನಡೆದದ್ದು ಒಂದು ಏರ್ಪಾಡಿನ ಬಲದಿಂದ. ಆಗ ಪ್ರತಿಯೊಂದು ಚಿತ್ರಕ್ಕೂ ಬೆರಳೆಣಿಕೆಯ ಪ್ರಿಂಟುಗಳು. ಮೊದಲು ಬೆಂಗಳೂರು, ಮೈಸೂರು. ಆಮೇಲೆ ಜಿಲ್ಲಾ ಕೇಂದ್ರಗಳು. ಕಟ್ಟಕಡೆಗೆ, ತಿಂಗಳುಗಳ ಮೇಲೆ, ಗೀರು ಬಿದ್ದು ಮಳೆ ಸುರಿದಂತೆ ಕಾಣುವ ಪ್ರಿಂಟು ತಗಡಿನ ಪೆಟ್ಟಿಗೆಯಲ್ಲಿ ಬಸ್ಸಿನ ಮೇಲೆ ಸಣ್ಣ ಪಟ್ಟಣಕ್ಕೆ ಬರುತ್ತಿದ್ದಿತು. ಆ ಹೊತ್ತಿಗೆ ಅದರ ಬಾಡಿಗೆ ಇಳಿದಿರುತ್ತಿತ್ತು, ಕೀರ್ತಿ ಏರಿರುತ್ತಿತ್ತು. ಪತ್ರಿಕೆಗಳಲ್ಲಿ ವಿಮರ್ಶೆ ಓದಿ, ರೇಡಿಯೋದಲ್ಲಿ ಹಾಡು ಕೇಳಿ, ಜನ ಕಾದು ಕುಳಿತಿರುತ್ತಿದ್ದರು. ಕಟ್ಟಡ ಊರಿಂದೂರಿಗೆ ಹೋಗದಿದ್ದರೇನು, ಪೆಟ್ಟಿಗೆಗಳು ಊರಿಂದೂರಿಗೆ ಬರುತ್ತಿದ್ದವು. ನಾಲ್ಕು ದಿನಕ್ಕೊಂದು ಪೆಟ್ಟಿಗೆ ಬದಲಾಯಿಸಿಕೊಂಡು ಮಾಲೀಕನು ಸಂಸಾರ ಸಾಗಿಸುತ್ತಿದ್ದ.

ಇದಕ್ಕೆ ಮೊದಲ ಪೆಟ್ಟು ಬಿದ್ದದ್ದು ಮನೆಯೊಳಗಿನಿಂದ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು; 1987ರಲ್ಲಿ ‘ರಾಮಾಯಣ’ ಧಾರಾವಾಹಿ ಬಂದು ಭಾನುವಾರದ ಬೆಳಗನ್ನು ನುಂಗಿತು; 1994ರಲ್ಲಿ ಉದಯ ಟಿವಿ ಬಂದು ಕನ್ನಡ ಚಿತ್ರಗಳನ್ನು ಬಿಟ್ಟಿಯಾಗಿ ಮನೆಮನೆಗೆ ಹಂಚಿತು. ಆದರೆ ಮಲೆನಾಡಿನಲ್ಲಿ ಈ ಪೆಟ್ಟು ಬೇರೆ ಬಗೆಯದು. ಗುಡ್ಡದ ಮರೆಯ ಮನೆಗಳಿಗೆ ದೂರದರ್ಶನದ ಅಲೆ ಸರಿಯಾಗಿ ಎಟಕುತ್ತಿರಲಿಲ್ಲ. ಮೈಲಿಗೊಂದು ಮನೆಯಿರುವಲ್ಲಿ ಕೇಬಲ್ಲಿನವನು ತಂತಿ ಎಳೆದು ಬದುಕಲಾರ. ಆದ್ದರಿಂದ ಪೇಟೆಯವರು ಬಿಡುವಿಲ್ಲದೆ ಟಿವಿ ನೋಡುತ್ತಿದ್ದಾಗಲೂ ಒಂಟಿಮನೆಯವರಿಗೆ ಟಾಕೀಸೇ ಗತಿಯಾಗಿದ್ದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಉಪಗ್ರಹದಿಂದ ನೇರವಾಗಿ ಮನೆಗೆ ಚಿತ್ರ ಇಳಿಸುವ ಸಣ್ಣ ಡಿಶ್ ತಟ್ಟೆ ಬಂದಿತು ನೋಡಿ, ಆಗ ಕಥೆ ಬದಲಾಯಿತು. ಅದಕ್ಕೆ ನೆರೆಮನೆ ಬೇಡ, ತಂತಿ ಬೇಡ, ಆಕಾಶ ಕಂಡರೆ ಸಾಕು. ಜನರನ್ನು ಒಂದೆಡೆ ಕೂಡಿಸಲೆಂದು ಬಂದ ತೆರೆಯ ಜಾಗಕ್ಕೆ, ಅವರವರ ಮನೆಯಲ್ಲೇ ಕೂಡಿಸುವ ತೆರೆ ಬಂದಿತು.

ವೈದೇಹಿಯವರ ಕಥೆಯಿಂದ ಕಾಸರವಳ್ಳಿಯವರು 2008ರಲ್ಲಿ ತೆಗೆದ ‘ಗುಲಾಬಿ ಟಾಕೀಸು’ ಈ ಪಲ್ಲಟವನ್ನೇ ಹೇಳುತ್ತದೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಸಹಿತವಾದ ಟಿವಿ ಉಡುಗೊರೆಯಾಗಿ ಬರುತ್ತದೆ. ಕರಾವಳಿಯ ಬೆಸ್ತರ ಹೆಂಗಸರೆಲ್ಲ ಅವಳ ಮನೆಯಲ್ಲಿ ನೆರೆಯುತ್ತಾರೆ. ಗುಲಾಬಿಯಾಗಿ ಅಭಿನಯಿಸಿದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಡೇರೆಯಲ್ಲಿ ಕಣ್ಣು ತೆರೆದ ನಿರ್ದೇಶಕರೇ ಈ ಕಥೆಯನ್ನು ಆರಿಸಿಕೊಂಡದ್ದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಎರಡನೆಯ ಪೆಟ್ಟನ್ನು ಬಹಳ ಮಂದಿ ಗಮನಿಸಿದಂತಿಲ್ಲ. ಅದು ಕೊಟ್ಟದ್ದು ಟಿವಿಯಲ್ಲ, ಸಿನಿಮಾವೇ. 2010ರ ಆಚೀಚೆಗೆ ಫಿಲ್ಮಿನ ರೀಲುಗಳು ಹೋಗಿ ಡಿಜಿಟಲ್ ಪ್ರದರ್ಶನ ಬಂದಿತು. ಗೀರಿಲ್ಲದ ಚಿತ್ರ, ತುಂಡಾಗದ ರೀಲು, ಹೊಸ ಚಿತ್ರ ಬೆಂಗಳೂರಿನಲ್ಲಿ ಬಂದ ಶುಕ್ರವಾರವೇ ನಮ್ಮೂರಿನಲ್ಲಿಯೂ! ಕೇಳುವುದಕ್ಕೆ ಎಷ್ಟು ಇಂಪು. ಆದರೆ ಇದಕ್ಕೆ ಹೊಸ ಯಂತ್ರ ಬೇಕು, ಪ್ರದರ್ಶನ ಸಂಸ್ಥೆಗೆ ಶುಲ್ಕ ಬೇಕು. ಅದಕ್ಕಿಂತ ಮಿಗಿಲಾಗಿ, ಬಾಡಿಗೆ ಇಳಿಯುವವರೆಗೆ, ಕೀರ್ತಿ ಏರುವವರೆಗೆ ಕಾಯುವ ಅವಕಾಶ ಹೋಯಿತು. ಚಿತ್ರ ಗೆಲ್ಲುವುದೋ ಸೋಲುವುದೋ ತಿಳಿಯುವ ಮೊದಲೇ ದುಬಾರಿ ಬೆಲೆ ಕೊಟ್ಟು ತರಬೇಕು. ತಂದ ಮೇಲೆ ದಿನಕ್ಕೆ ನಾಲ್ಕು ಆಟದಂತೆ ವಾರಗಟ್ಟಲೆ ಉಳಿಸಿಕೊಳ್ಳಬೇಕು. ಊರಿನ ಜನವೋ, ಮೂರು ದಿನದಲ್ಲಿ ಮುಗಿಯಿತು! ನಗರದ ಮಲ್ಟಿಪ್ಲೆಕ್ಸಿನವನು ಓಡದ ಚಿತ್ರವನ್ನು ಸಣ್ಣ ತೆರೆಗೆ ತಳ್ಳಿ, ಓಡುವುದನ್ನು ದೊಡ್ಡದಕ್ಕೆ ಏರಿಸುತ್ತಾನೆ. ಒಂದೇ ತೆರೆಯವನು ಎಲ್ಲಿಗೆ ತಳ್ಳಿಯಾನು?

ಮೂರನೆಯದನ್ನು ವಿವರಿಸಬೇಕಾಗಿಲ್ಲ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ಮುಚ್ಚಿದ ಚಿತ್ರಮಂದಿರಗಳಿಗೆ ತೆರೆಯಲು ಅನುಮತಿ ಸಿಕ್ಕಿದ್ದು ಅಕ್ಟೋಬರಿನಲ್ಲಿ, ಅದೂ ಅರ್ಧ ಜನಕ್ಕೆ. ಅಷ್ಟರಲ್ಲಿ, ಜುಲೈಯಲ್ಲಿ, ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ಯಾವ ಚಿತ್ರಮಂದಿರದ ಮುಖವನ್ನೂ ನೋಡದೆ ನೇರವಾಗಿ ಅಂತರಜಾಲದಲ್ಲಿ ಬಿಡುಗಡೆಯಾಗಿದ್ದವು. ಅದೇ ವರ್ಷ ಮೈಸೂರಿನ ಶಾಂತಲಾ ಚಿತ್ರಮಂದಿರ ಶಾಶ್ವತವಾಗಿ ಮುಚ್ಚಿತು.

ಪೇಟೆಯಲ್ಲಿ ಮುಚ್ಚಿದ ಚಿತ್ರಮಂದಿರಕ್ಕೆ ಒಂದು ಬಗೆಯ ಸದ್ಗತಿಯುಂಟು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ ಹೋಗಿ ಆ ಸ್ಥಳ ಮೆಟ್ರೋ ನಿಲ್ದಾಣಕ್ಕೆ ಸಂದಿತು. 2011ರಿಂದ ಅಲ್ಲಿ ರೈಲು ನಿಲ್ಲುತ್ತದೆ. ಮೊರಾರ್ಜಿ ದೇಸಾಯಿಯವರು 1968ರಲ್ಲಿ ಉದ್ಘಾಟಿಸಿದ, ಸಾವಿರಕ್ಕೂ ಮಿಕ್ಕಿ ಆಸನಗಳಿದ್ದ ಕಪಾಲಿ 2017ರಲ್ಲಿ ಕೊನೆಯ ಆಟ ಆಡಿ ನೆಲಸಮವಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರಿನ ಕೊನೆಯ ದಿನಕ್ಕೆ, ಕಾವೇರಿ 2024ರಲ್ಲಿ. ಅಲ್ಲೆಲ್ಲ ನೆಲದ ಬೆಲೆಯೇ ಟಿಕೆಟ್ಟಿನ ಆದಾಯವನ್ನು ಸೋಲಿಸಿತು; ಮಾಲೀಕನ ಕೈಗೆ ಏನಾದರೂ ಹತ್ತಿತು, ಪತ್ರಿಕೆಗಳಲ್ಲಿ ಚಿತ್ರಸಹಿತ ಶ್ರದ್ಧಾಂಜಲಿಯೂ ಬಂದಿತು. ಸಣ್ಣ ಪಟ್ಟಣದ ಟಾಕೀಸಿಗೆ ಆ ಯೋಗವೂ ಇಲ್ಲ. ಇಳಿಜಾರಿನ ನೆಲ, ಕಿಟಕಿಯಿಲ್ಲದ ಗೋಡೆ, ಅಗಲವಾದ ಬಾಗಿಲು. ಗೋದಾಮಿಗೋ ಮದುವೆ ಮಂಟಪಕ್ಕೋ ತಿದ್ದಿಕೊಳ್ಳುವುದಕ್ಕೂ ಮತ್ತೆ ಹಣ ಸುರಿಯಬೇಕು.

ಜನರಿಗೆ ಒಟ್ಟಾಗಿ ಕುಳಿತು ನೋಡುವ ಆಸೆಯೇ ಹೋಯಿತೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ಕುಂದಾಪುರ ಸೀಮೆಯ ಭೂತಾರಾಧನೆಯ ಕಥೆಯಾದ ‘ಕಾಂತಾರ’ ಬಂದಾಗ, ಎಷ್ಟೋ ವರ್ಷಗಳಿಂದ ಟಾಕೀಸಿನ ಮೆಟ್ಟಿಲು ಹತ್ತದಿದ್ದ ಅಜ್ಜ ಅಜ್ಜಿಯರೂ ಮೊಮ್ಮಕ್ಕಳ ಕೈ ಹಿಡಿದು ಬಂದರು; ಮನೆಯಲ್ಲಿ ಟಿವಿಯೂ ಇತ್ತು, ಕೈಯಲ್ಲಿ ಮೊಬೈಲೂ ಇತ್ತು. ಅಂಥ ಚಿತ್ರ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಬಂದೀತು. ಡೇರೆಯ ಕಾಲವಾಗಿದ್ದರೆ ಮಾಲೀಕನು ಆ ಒಂದು ಚಿತ್ರವನ್ನು ಹೊತ್ತುಕೊಂಡು ಕೊಪ್ಪದಲ್ಲಿ ನಾಲ್ಕು ದಿನ, ಶೃಂಗೇರಿಯಲ್ಲಿ ನಾಲ್ಕು ದಿನ, ನರಸಿಂಹರಾಜಪುರದಲ್ಲಿ ನಾಲ್ಕು ದಿನ, ಬಾಳೆಹೊನ್ನೂರಿನಲ್ಲಿ ಎರಡು ದಿನ ಎಂದು ಬೇಸಗೆಯುದ್ದಕ್ಕೂ ಆಟ ನಡೆಸುತ್ತಿದ್ದ. ಕಟ್ಟಡದ ಮಾಲೀಕನು ತನ್ನ ಊರಿನ ಜನ ನೋಡಿ ಮುಗಿಸಿದ ಮರುದಿನದಿಂದ ಮುಂದಿನ ಅಂಥ ಚಿತ್ರಕ್ಕೆ ಕಾಯುತ್ತಾನೆ. ವಿದ್ಯುತ್ತಿನ ಬಿಲ್ಲು ಮಾತ್ರ ತಿಂಗಳಿಗೊಮ್ಮೆ ಬರುತ್ತದೆ.